ತಲೆಗೊಂದು ವೇಷ, ಕೈಗೊಂದು ಕೆಲಸ

ನಿಮ್ಮ ಮನೆಯ ಹುಡುಗ ಒಂದು ಸಂಜೆ ಕಾಲೇಜಿನಿಂದ ಬಂದವನೇ, "ಉಪ್ಪಾ, ನನಗೊಂದು ಬಾಹ್ಯಾಕಾಶ ಸೈನಿಕನ ಹೆಲ್ಮೆಟ್ ಬೇಕು" ಎಂದರೆ ನೀವೇನು ಹೇಳುತ್ತೀರಿ? ನಾನು ಹೇಳಿದ್ದು ಇಷ್ಟು: "ಮೊದಲು ತಲೆಯೊಳಗೆ ಗಣಿತ ಹಾಕು. ತಲೆಯ ಮೇಲೆ ಏನು ಹಾಕುವುದೆಂದು ಆಮೇಲೆ ನೋಡುವ."

ಅವನಿಗೆ ಅದು ಪಿಯುಸಿಯ ವರ್ಷ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗೆ ಸಹಿ ಹಾಕುವಾಗ ನನ್ನ ಕೈ ನಡುಗಿತ್ತು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಹುಡುಗರೆಲ್ಲ ಸೇರಿ ಒಂದು ಕಿರುನಾಟಕ ಆಡುತ್ತಾರಂತೆ. ಅದರಲ್ಲಿ ಬೇರೆ ಗ್ರಹದಿಂದ ಬಂದ ಸೈನಿಕ ಇವನಂತೆ. ಪೇಟೆಯಲ್ಲಿ ವಿಚಾರಿಸಿದರೆ ಹೊರದೇಶದಿಂದ ತರಿಸಿದ ಹೆಲ್ಮೆಟ್‌ಗೆ ಹೇಳುವ ಬೆಲೆ ನನ್ನ ಅರ್ಧ ತಿಂಗಳ ಸಂಬಳ. ಬೇಡ ಎನ್ನಲು ನನಗೆ ಕಾರಣಗಳು ಬೇಕಾದಷ್ಟಿದ್ದವು. "ಕೊಳ್ಳುವುದು ಬೇಡ, ನಾನೇ ಮಾಡುತ್ತೇನೆ" ಎಂದು ಅವನು ಹೇಳಿದಾಗ ಮಾತ್ರ ನನ್ನ ಬಾಯಿ ಕಟ್ಟಿತು. ಮೂವತ್ತು ಮಕ್ಕಳ ಮುಂದೆ ನಿಂತು "ಕೈ ಕೆಲಸ ಕಲಿಯಿರಿ" ಎಂದು ವರ್ಷವಿಡೀ ಹೇಳುವವನು ನಾನೇ ಅಲ್ಲವೇ?

ಅವನಿಗೆ ಈ ಹುಚ್ಚು ಹತ್ತಿಸಿದ್ದು ಯಾವುದೋ ಇಂಗ್ಲಿಷ್ ಸಿನಿಮಾ ಎಂದು ನಾನು ಭಾವಿಸಿದ್ದೆ. ಅರ್ಧ ನಿಜ. ಇನ್ನರ್ಧ ನಮ್ಮ ಪಕ್ಕದ ಊರಿನದು.

ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ಹೋಗುವವರಿಗೆಲ್ಲ ದಾರಿಯಲ್ಲಿ ಕಟಪಾಡಿ ಸಿಗುತ್ತದೆ. ಅಲ್ಲಿನ ರವಿ ಕಟಪಾಡಿಯವರ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ಕಟ್ಟಡ ಕೆಲಸ ಮಾಡುವ ದಿನಗೂಲಿ ಕಾರ್ಮಿಕ. ಉಡುಪಿಯಲ್ಲಿ ಕೃಷ್ಣಾಷ್ಟಮಿ ಮತ್ತು ಅದರ ಮರುದಿನದ ವಿಟ್ಲಪಿಂಡಿಗೆ ಹುಲಿವೇಷ, ಬಗೆಬಗೆಯ ಅಷ್ಟಮಿ ವೇಷಗಳು ಬೀದಿಗಿಳಿಯುವುದು ಹಳೆಯ ವಾಡಿಕೆ. ವೇಷ ಹಾಕಿದವರಿಗೆ ಜನ ಹಣ ಕೊಡುವುದೂ ವಾಡಿಕೆಯೇ. ರವಿಯವರು 2010ರ ದಶಕದಲ್ಲಿ ಈ ವಾಡಿಕೆಗೆ ಬೇರೆಯೇ ದಿಕ್ಕು ಕೊಟ್ಟರು. ಹಾಲಿವುಡ್ ಚಿತ್ರಗಳಲ್ಲಿ ಬರುವ ವಿಚಿತ್ರ ಜೀವಿಗಳನ್ನು ಹೋಲುವ ವೇಷವನ್ನು ತೊಟ್ಟು, ಗೆಳೆಯರ ತಂಡದೊಂದಿಗೆ ಊರೂರು ತಿರುಗಿ, ಬಂದ ಹಣವನ್ನು ಕಾಯಿಲೆಬಿದ್ದ ಬಡ ಮಕ್ಕಳ ಚಿಕಿತ್ಸೆಗೆ ಕೊಡತೊಡಗಿದರು. ವರ್ಷ ವರ್ಷ ಸೇರುತ್ತಾ ಆ ಮೊತ್ತ ಒಂದು ಕೋಟಿ ರೂಪಾಯಿಯನ್ನು ದಾಟಿತು. 2021ರ ಆರಂಭದಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಯ ಕರ್ಮವೀರ್ ಸಂಚಿಕೆಯಲ್ಲಿ ಅಮಿತಾಭ್ ಬಚ್ಚನ್‌ರ ಎದುರು ಕುಳಿತದ್ದು ಇದೇ ಕೂಲಿ ಕಾರ್ಮಿಕ.

ಆ ವೇಷದೊಳಗೆ ಇರುವುದು ಹೇಗಿರುತ್ತದೆ ಎಂದು ನೀವು ಯೋಚಿಸಿದ್ದೀರಾ? ಮುಖಕ್ಕೂ ಮೈಗೂ ಅಂಟಿಸಿದ ರಬ್ಬರಿನ ಪದರ. ಅದರ ಮೇಲೆ ಬಣ್ಣ. ತಲೆಯ ಮೇಲೆ ಭಾರ. ಒಮ್ಮೆ ಹಾಕಿದರೆ ಹಬ್ಬದ ಎರಡು ದಿನ ತೆಗೆಯುವಂತಿಲ್ಲ. ತೆಗೆದರೆ ಮತ್ತೆ ಹಾಕಲು ಗಂಟೆಗಟ್ಟಲೆ ಬೇಕು. ಊಟ, ನಿದ್ರೆ ಯಾವುದೂ ಸರಿಯಾಗಿ ಆಗುವುದಿಲ್ಲ. ಹೊರಗೆ ಒಮ್ಮೆ ಮಳೆ, ಒಮ್ಮೆ ಸುಡುಬಿಸಿಲು. ರಮಝಾನಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ನಮಗೇ ತಲೆ ಸುತ್ತುತ್ತದೆ. ಇಲ್ಲಿ ಒಬ್ಬ ಮನುಷ್ಯ ತನ್ನದಲ್ಲದ ಮಗುವಿಗಾಗಿ ರಬ್ಬರಿನ ಚೀಲದೊಳಗೆ ಬೇಯುತ್ತಾನೆ. ಅಷ್ಟಮಿ ನಮ್ಮ ಹಬ್ಬವಲ್ಲ, ನಿಜ. ಆದರೆ ಈ ವಿಷಯವನ್ನು ಮೆಚ್ಚಲು ಅದು ನಮ್ಮ ಹಬ್ಬವಾಗಿರಬೇಕಿಲ್ಲ.

ಒಂದು ತಕರಾರು ಮಾತ್ರ ನನಗಿದೆ. ಈ ವೇಷಗಳನ್ನು ನೋಡಿ ಸಣ್ಣ ಮಕ್ಕಳು ಕಿರುಚುವುದನ್ನು ಕಂಡಿದ್ದೇನೆ. ಹೆದರಿದ ಮಗುವನ್ನು ಇನ್ನೂ ಹತ್ತಿರ ಹಿಡಿದು ಫೋಟೋ ತೆಗೆಯುವ ತಂದೆಯರನ್ನೂ ಕಂಡಿದ್ದೇನೆ. ತಪ್ಪು ವೇಷದವರದಲ್ಲ, ಫೋಟೋ ತೆಗೆಯುವವರದು.

ಇರಲಿ, ಹೆಲ್ಮೆಟ್‌ಗೆ ಬರೋಣ. ಮಗ ಮೊದಲು ಮಾಡಿದ್ದು ಥರ್ಮಾಕೋಲಿನಲ್ಲಿ. ಫ್ರಿಜ್ಜಿನ ಪೆಟ್ಟಿಗೆಯೊಳಗೆ ಬರುವ ದಪ್ಪ ಥರ್ಮಾಕೋಲನ್ನು ಒಂದರ ಮೇಲೊಂದು ಅಂಟಿಸಿ, ಕತ್ತಿಯಿಂದ ಕೆತ್ತಿ, ನಾಲ್ಕು ದಿನ ಮನೆಯ ತುಂಬ ಬಿಳಿ ಹುಡಿ ಹಾರಿಸಿದ. ಆಕಾರ ಚೆನ್ನಾಗಿಯೇ ಬಂದಿತ್ತು. ಐದನೆಯ ದಿನ ಸಂಜೆ ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿ ತಂದು ಅಂಗಳದಲ್ಲಿ ಹೊಡೆದ. ನಾವು ನೋಡನೋಡುತ್ತಿದ್ದಂತೆ ಹೆಲ್ಮೆಟ್‌ನ ಹಣೆ ಒಳಗೆ ಕುಸಿಯಿತು. ಕೆನ್ನೆಯಲ್ಲಿ ತೂತು ಬಿತ್ತು. ಗೆದ್ದಲು ತಿಂದ ಮರದ ಹಾಗೆ ಆಯಿತು. ಅವನು ಡಬ್ಬಿ ಹಿಡಿದುಕೊಂಡೇ ನಿಂತಿದ್ದ. ನಾನು ಏನೂ ಹೇಳಲಿಲ್ಲ. "ನಾನು ಮೊದಲೇ ಹೇಳಿದ್ದೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ನಾನು ಹಾಗೆ ಹೇಳಿಯೇ ಇರಲಿಲ್ಲ. ನನಗೂ ಗೊತ್ತಿರಲಿಲ್ಲ.

ವಿಷಯ ಇಷ್ಟೆ. ಥರ್ಮಾಕೋಲ್ ಎಂದರೆ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್. ಸ್ಪ್ರೇ ಬಣ್ಣದಲ್ಲಿರುವ ಥಿನ್ನರಿನಂಥ ದ್ರಾವಕಗಳಲ್ಲಿ ಅದು ನೀರಲ್ಲಿ ಸಕ್ಕರೆಯಂತೆ ಕರಗುತ್ತದೆ. ಪೆಟ್ರೋಲು ತಾಗಿದರೂ ಅದೇ ಗತಿ. ಥರ್ಮಾಕೋಲಿಗೆ ನೀರಿನಲ್ಲಿ ಕಲಸುವ ಬಣ್ಣವೇ ಆಗಬೇಕು, ಇಲ್ಲವೇ ಮೊದಲು ಫೆವಿಕಾಲ್ ಮತ್ತು ಕಾಗದದ ದಪ್ಪ ಪದರ ಕೊಟ್ಟು ಮುಚ್ಚಬೇಕು. ಶಾಲೆಯ ವಿಜ್ಞಾನ ಮಾದರಿಗೆ ಥರ್ಮಾಕೋಲ್ ತರುವ ತಾಯಂದಿರು ಇದನ್ನು ನೆನಪಿಟ್ಟುಕೊಂಡರೆ ಒಂದು ರಾತ್ರಿಯ ಅಳು ಉಳಿಯುತ್ತದೆ.

ಎರಡನೆಯ ಸಲಕ್ಕೆ ಬೇರೆ ಬೇರೆ ಸಲಹೆಗಳು ಬಂದವು. ಮಲ್ಪೆಯ ಕಡೆ ಫೈಬರ್ ದೋಣಿ ರಿಪೇರಿ ಗೊತ್ತಿರುವ ಒಬ್ಬರು, "ಫೈಬರಿನಲ್ಲೇ ಮಾಡಿಸಿ, ಕಲ್ಲಿನ ಹಾಗೆ ಇರುತ್ತದೆ" ಎಂದರು. ಗಟ್ಟಿ ಎಂಬುದು ಸತ್ಯ. ಗಾಜಿನ ನೂಲಿನ ಮ್ಯಾಟ್‌ಗೆ ರೆಸಿನ್ ಬಳಿದು, ಹಾರ್ಡನರ್ ಸೇರಿಸಿ ಒಣಗಿಸುತ್ತಾರೆ. ಆದರೆ ಮಕ್ಕಳಿರುವ ಮನೆಗೆ ಅದು ತಕ್ಕದ್ದಲ್ಲ. ರೆಸಿನಿನ ಹೊಗೆ ತಲೆನೋವು ತರುತ್ತದೆ. ಗಾಜಿನ ನೂಲಿನ ಚೂರು ಚರ್ಮಕ್ಕೆ ಹೊಕ್ಕರೆ ತುರಿಕೆ ದಿನಗಟ್ಟಲೆ ಬಿಡುವುದಿಲ್ಲ. ಇನ್ನೂ ಗಂಭೀರವಾದ ಮಾತೆಂದರೆ, ರೆಸಿನಿಗೆ ಹಾಕುವ ಕೋಬಾಲ್ಟ್ ದ್ರವವನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ದೋಣಿ ಕಟ್ಟುವವರಿಗೆ ಇದು ಬಾಯಿಪಾಠ. ಹದಿನೇಳರ ಹುಡುಗನಿಗಲ್ಲ.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಇನ್ನೊಂದು ದಾರಿ ತೋರಿಸಿದ. ಈಗ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಟ್ಟರೆ ತ್ರೀಡಿ ಪ್ರಿಂಟರ್ ಪ್ಲಾಸ್ಟಿಕ್ ನೂಲನ್ನು ಕರಗಿಸಿ, ಪದರ ಪದರವಾಗಿ ಜೋಡಿಸಿ ವಸ್ತುವನ್ನೇ ಮಾಡಿಕೊಡುತ್ತದೆ. ಸೇವಿಗೆಯ ಒರಳಿನಿಂದ ನೂಲು ಇಳಿಯುವುದನ್ನು ನೀವು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಹಾಗೆಯೇ. ಒಂದು ಹೆಲ್ಮೆಟ್‌ಗೆ ಯಂತ್ರ ಒಂದೆರಡು ದಿನ ನಿಲ್ಲದೆ ಓಡಬೇಕಾಗುತ್ತದೆ. ಹೊರಬಂದದ್ದರ ಮೇಲೆ ಗೆರೆಗೆರೆ. ಅದನ್ನು ಪುಟ್ಟಿ ಹಚ್ಚಿ ಉಜ್ಜಲೇಬೇಕು. ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಬಿಸಿಗೆ ಮೆತ್ತಗಾಗುತ್ತದೆ. ಎಪ್ರಿಲ್ ತಿಂಗಳಲ್ಲಿ ಕಾರಿನೊಳಗೆ ಇಟ್ಟು ಮರೆತರೆ ಹೆಲ್ಮೆಟ್ ಬಸಳೆ ಸೊಪ್ಪಿನ ಹಾಗೆ ಬಾಗುತ್ತದೆ. ಖರ್ಚು ನೋಡಿ ಅದನ್ನೂ ಬಿಟ್ಟೆವು.

ಕೊನೆಗೆ ಉಳಿದದ್ದು ಚಪ್ಪಲಿ ಅಟ್ಟೆಯ ಫೋಮ್. ಹವಾಯಿ ಚಪ್ಪಲಿ, ಮಕ್ಕಳು ಆಡುವ ಚಾಪೆ ಇವುಗಳಲ್ಲಿ ಇರುವಂಥದ್ದು. ಚಪ್ಪಲಿಯ ಸಾಮಾನು ಮಾರುವ ಅಂಗಡಿಯಲ್ಲಿ ಹಾಳೆ ಲೆಕ್ಕದಲ್ಲಿ ಸಿಗುತ್ತದೆ. ಹಗುರ, ಅಗ್ಗ, ಬಿದ್ದರೆ ಒಡೆಯುವುದಿಲ್ಲ. ಹೊರದೇಶಗಳಲ್ಲಿ ಇಂಥ ವೇಷಗಳನ್ನು ಮನೆಯಲ್ಲೇ ಮಾಡುವವರೂ ಹೆಚ್ಚಾಗಿ ಇದನ್ನೇ ಬಳಸುತ್ತಾರೆ.

ಆದರೆ ಚಪ್ಪಟೆ ಹಾಳೆಯನ್ನು ಗುಂಡಗಿನ ತಲೆಗೆ ಹೇಗೆ ಬಾಗಿಸುವುದು? ಇಲ್ಲಿ ಗಂಡಸರಿಬ್ಬರೂ ಸೋತೆವು. ಮಗ ಕಂಪಾಸು, ಕೋನಮಾಪಕ ಹಿಡಿದು ಕಾಗದ ಹಾಳು ಮಾಡುತ್ತಿದ್ದ. ನಾನು ಬಿ.ಎ. ಓದಿದವನು, ನನಗೆ ಕಂಪಾಸು ಎಂದರೆ ಇಂದಿಗೂ ಭಯ. ಹೊಲಿಗೆ ಯಂತ್ರದ ಎದುರು ಕುಳಿತಿದ್ದ ನನ್ನ ಪತ್ನಿ ಸ್ವಲ್ಪ ಹೊತ್ತು ನೋಡಿ, "ಅದಕ್ಕೆ ಟಕ್ಸ್ ಹಾಕಬೇಕಲ್ಲವಾ?" ಎಂದಳು. ನಾವಿಬ್ಬರೂ ಅವಳ ಮುಖ ನೋಡಿದೆವು. "ಚಪ್ಪಟೆ ಬಟ್ಟೆಯನ್ನು ಮೈಗೆ ಕೂರಿಸುವುದು ಹೇಗೆ? ಅಲ್ಲಲ್ಲಿ ತ್ರಿಕೋನದ ಹಾಗೆ ಬಟ್ಟೆ ಒಳಗೆ ಮಡಚಿ ಹೊಲಿಯುತ್ತೇವೆ. ಇದರಲ್ಲಿ ಮಡಚಲು ಆಗುವುದಿಲ್ಲ, ಕತ್ತರಿಸಿ ತೆಗೆಯಿರಿ, ಅಂಚು ಅಂಚು ಸೇರಿಸಿ. ತನ್ನಷ್ಟಕ್ಕೆ ಗುಂಡಗಾಗುತ್ತದೆ."

ಪಠ್ಯಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರಿರಬಹುದು. ಗೋಲವನ್ನು ಹರಿಯದೆ, ಮಡಚದೆ ಚಪ್ಪಟೆ ಮಾಡಲು ಸಾಧ್ಯವಿಲ್ಲ. ಭೂಪಟ ಬರೆಯುವವರ ಹಳೆಯ ತಲೆನೋವೂ ಇದೇ. ಗ್ರೀನ್‌ಲ್ಯಾಂಡ್ ಭೂಪಟದಲ್ಲಿ ಆಫ್ರಿಕಾದಷ್ಟು ದೊಡ್ಡದಾಗಿ ಕಾಣಲು ಇದೇ ಕಾರಣ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಾಲು. ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ಚೂಡಿದಾರ ಹೊಲಿಯುತ್ತಿದ್ದವಳಿಗೆ ಅದು ಕೈಯಲ್ಲೇ ಗೊತ್ತಿತ್ತು. ನಾವು ಕೇಳಿರಲಿಲ್ಲ, ಅಷ್ಟೆ.

ನಿಮ್ಮ ಮನೆಯಲ್ಲೂ ಇದನ್ನು ಮಾಡಬೇಕೆನಿಸಿದರೆ ನಾವು ಮಾಡಿದ ಕ್ರಮ ಹೇಳುತ್ತೇನೆ. ನೆತ್ತಿ ಮತ್ತು ತಲೆಯ ಹಿಂಭಾಗಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಕಾಗದದ ಟೇಪು ಅಂಟಿಸುತ್ತಾ ಬನ್ನಿ. ಮೂಗು ಬಾಯಿಯ ಹತ್ತಿರಕ್ಕೂ ಪ್ಲಾಸ್ಟಿಕ್ ಹೋಗಬಾರದು, ಮುಖದ ಅಳತೆಯನ್ನು ಟೇಪಿನಲ್ಲೇ ತೆಗೆದುಕೊಳ್ಳಿ. ಟೇಪಿನ ಟೊಪ್ಪಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ತಲೆಯಿಂದ ತೆಗೆದು, ಗೆರೆಗಳ ಮೇಲೆ ಕತ್ತರಿಸಿದರೆ ಹಲಸಿನ ಎಲೆಯಂಥ ತುಂಡುಗಳಾಗುತ್ತವೆ. ಅದೇ ನಿಮ್ಮ ಅಳತೆ ಕಾಗದ. ಸುತ್ತಲೂ ಒಂದು ಬೆರಳಿನಷ್ಟು ಹೆಚ್ಚು ಬಿಡಿ. ಫೋಮಿಗೂ ದಪ್ಪವಿದೆ, ಒಳಗೆ ಗಾಳಿಗೂ ಜಾಗ ಬೇಕು. ಹೊರಮೈಗೆ ಐದಾರು ಮಿಲ್ಲಿಮೀಟರ್ ದಪ್ಪದ ಹಾಳೆ, ಮೇಲಿನ ಪಟ್ಟಿ, ಗುಂಡಿಗಳಿಗೆ ಎರಡು ಮಿಲ್ಲಿಮೀಟರಿನದು ಸಾಕು. ಬ್ಲೇಡು ಹೊಸದಿರಲಿ. ಮೊಂಡು ಬ್ಲೇಡು ಫೋಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಕೈಯನ್ನೂ ಹರಿಯುತ್ತದೆ. ಬ್ಲೇಡಿನ ಕೆಲಸ ದೊಡ್ಡವರದೇ ಇರಲಿ.

ಅಂಟಿಸಲು ಚಪ್ಪಲಿಯವರು ಬಳಸುವ ಹಳದಿ ಗಮ್ಮು. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಬೆರಳು ತಾಗಿಸಿದರೆ ಅಂಟದಷ್ಟು ಒಣಗಿದ ಮೇಲೆ ಸೇರಿಸಬೇಕು. ಹತ್ತು ನಿಮಿಷ ಸಾಕೆಂದು ಡಬ್ಬಿಯಲ್ಲಿ ಬರೆದಿರುತ್ತಾರೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಆ ಹತ್ತು ನಿಮಿಷ ಅನ್ವಯಿಸುವುದಿಲ್ಲ. ಒಮ್ಮೆ ಸೇರಿಸಿದರೆ ಮತ್ತೆ ಬಿಡಿಸಲಾಗದು, ಆದ್ದರಿಂದ ಬಿಸ್ಮಿಲ್ಲಾ ಹೇಳಿ, ಒಂದು ತುದಿಯಿಂದ ನಿಧಾನವಾಗಿ ಒತ್ತುತ್ತಾ ಹೋಗಿ. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಒಲೆ ಉರಿಯದಿರಲಿ. ಆ ಗಮ್ಮಿನ ವಾಸನೆ ಒಳ್ಳೆಯದಲ್ಲ.

ಆಮೇಲೆ ಬಿಸಿ. ಗ್ಯಾರೇಜಿನಿಂದ ಎರವಲು ತಂದ ಬಿಸಿಗಾಳಿಯ ಗನ್ನನ್ನು ಫೋಮಿನ ಮೇಲೆ ಆಡಿಸಿದರೆ ಅದರ ಮೈ ಸ್ವಲ್ಪ ಹೊಳೆಯುತ್ತದೆ, ಸಣ್ಣ ರಂಧ್ರಗಳು ಮುಚ್ಚುತ್ತವೆ. ಬಿಸಿಯಿರುವಾಗ ಬಾಗಿಸಿ ಹಿಡಿದರೆ ತಣ್ಣಗಾದ ಮೇಲೆ ಅದೇ ಬಾಗು ಉಳಿಯುತ್ತದೆ. ಒಂದೇ ಕಡೆ ಹಿಡಿದರೆ ಸುಟ್ಟೇ ಹೋಗುತ್ತದೆ. ಇಷ್ಟಾದ ಮೇಲೂ ನೇರವಾಗಿ ಬಣ್ಣ ಹೊಡೆಯಬೇಡಿ. ಫೋಮ್ ಬಣ್ಣವನ್ನು ಕುಡಿಯುತ್ತದೆ. ಫೆವಿಕಾಲಿಗೆ ನೀರು ಬೆರೆಸಿ ನಾಲ್ಕೈದು ಪದರ ಬಳಿಯಬೇಕು, ಪ್ರತಿ ಪದರವೂ ಒಣಗಬೇಕು. ಈ ತಾಳ್ಮೆ ನನ್ನ ಮಗನಲ್ಲಿದೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಪುಸ್ತಕದ ಎದುರು ಇಪ್ಪತ್ತು ನಿಮಿಷ ಕೂರದವನು ಒಂದು ಪದರ ಒಣಗಲು ಮೂರು ಗಂಟೆ ಕಾಯುತ್ತಿದ್ದ. ಕಾಯುವಾಗ, ಯಾರೂ ಹೇಳದೆ, ರಸಾಯನಶಾಸ್ತ್ರದ ಪುಸ್ತಕ ತೆರೆದು ದ್ರಾವಕಗಳ ಪಾಠ ನೋಡುತ್ತಿದ್ದ.

ಬಣ್ಣದ ವಿಷಯಕ್ಕೆ ನಮ್ಮ ಗುರುಗಳು ಪೇಟೆಯ ಗ್ಯಾರೇಜಿನ ಪೇಂಟರ್. ಕಾರಿನ ಬಾಗಿಲು, ರಿಕ್ಷಾದ ಮಡ್‌ಗಾರ್ಡಿಗೆ ಬಣ್ಣ ಹೊಡೆಯುವವರು. ಹೆಲ್ಮೆಟ್ ನೋಡಿ ಅವರು ನಗಲಿಲ್ಲ. ಮಗುಚಿ, ಬೆರಳಾಡಿಸಿ, "ಮಾಸ್ಟ್ರೇ, ಬೆಳ್ಳಿ ಬಣ್ಣಕ್ಕೆ ಅಡಿಯಲ್ಲಿ ಕಪ್ಪು ಬೇಕು. ಕಪ್ಪು ನುಣ್ಣಗಿದ್ದಷ್ಟು ಬೆಳ್ಳಿ ಹೊಳೆಯುತ್ತದೆ" ಎಂದರು. ಪ್ರೈಮರ್ ಹೊಡೆದು, ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿ, ಮತ್ತೆ ಪ್ರೈಮರ್. ಆಮೇಲೆ ಕಪ್ಪು. ಆಮೇಲೆ ಬೆಳ್ಳಿ, ಅದೂ ತೆಳ್ಳಗೆ ಮೂರು ಸಲ. ಮಳೆ ಬರುವ ದಿನ ಹೊಡೆಯಬೇಡಿ ಎಂದರು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣದ ಮೇಲೆ ಬಿಳಿ ಮಂಜು ಹಿಡಿಯುತ್ತದೆ. ದಸರಾ ರಜೆಯಲ್ಲಿ ಮಳೆ ಹೋದಂತೆ ಮಾಡಿ ಮತ್ತೆ ಬರುವುದು ನಿಮಗೆ ಗೊತ್ತೇ ಇದೆ. ಮೂರು ದಿನ ಸುಮ್ಮನೆ ಕಾದೆವು.

ಹೊಸ ಹೆಲ್ಮೆಟ್ ಹೊಸದಾಗಿಯೇ ಕಂಡರೆ ಅದು ಆಟಿಕೆ. ಯುದ್ಧ ಮಾಡಿ ಬಂದವನ ಹೆಲ್ಮೆಟ್ ಎಂದು ನಂಬಿಸಬೇಕಾದರೆ ಅದು ಸವೆದಿರಬೇಕು. 1977ರಲ್ಲಿ ಬಂದ 'ಸ್ಟಾರ್ ವಾರ್ಸ್' ಚಿತ್ರದ ಒಂದು ಹೊಸತನವೇ ಇದು. ಅದಕ್ಕಿಂತ ಮೊದಲು ಸಿನಿಮಾದ ಆಕಾಶನೌಕೆಗಳು ಹೆಚ್ಚಾಗಿ ಅಂಗಡಿಯಿಂದ ಆಗಷ್ಟೇ ತಂದ ಪಾತ್ರೆಯ ಹಾಗೆ ಮಿನುಗುತ್ತಿದ್ದವು. ಇಲ್ಲಿ ಎಲ್ಲವೂ ಎಣ್ಣೆ, ಧೂಳು, ಗೀರು. ಅದರ ವಸ್ತ್ರವಿನ್ಯಾಸಕ್ಕೆ ಜಾನ್ ಮೊಲ್ಲೊ ಎಂಬವರಿಗೆ ಆಸ್ಕರ್ ಬಂತು. ಖಳನಾಯಕ ಡಾರ್ತ್ ವೇಡರನ ಕಪ್ಪು ಹೆಲ್ಮೆಟ್ ಜಪಾನಿನ ಸಮುರಾಯಿ ಯೋಧರ ಶಿರಸ್ತ್ರಾಣವನ್ನು ನೆನಪಿಸುವಂಥದ್ದು. ನಾಳೆಯ ಕಥೆ ಹೇಳಲೂ ನಿನ್ನೆಯ ಪೆಟ್ಟಿಗೆಯನ್ನೇ ತೆರೆಯಬೇಕಾಯಿತು.

ಸವೆತ ಬರಿಸಲು ನಾವು ಬಳಸಿದ್ದು ಅಡುಗೆಮನೆಯ ಕಲ್ಲುಪ್ಪು. ಬೆಳ್ಳಿ ಬಣ್ಣ ಚೆನ್ನಾಗಿ ಒಣಗಿದ ಮೇಲೆ ಅಂಚುಗಳಿಗೆ ನೀರು ತಾಗಿಸಿ ಉಪ್ಪು ಉದುರಿಸಿ, ಅದರ ಮೇಲೆ ಹಸಿರುಗಪ್ಪು ಬಣ್ಣ ಹೊಡೆಯುವುದು. ಒಣಗಿದ ಮೇಲೆ ಉಪ್ಪನ್ನು ಉಜ್ಜಿದರೆ ಅದಿದ್ದ ಕಡೆಯಲ್ಲೆಲ್ಲ ಬಣ್ಣ ಎದ್ದುಹೋದಂತೆ ಕೆಳಗಿನ ಬೆಳ್ಳಿ ಕಾಣುತ್ತದೆ. "ಉಪ್ಪಿನ ಡಬ್ಬಿ ಎಲ್ಲಿ?" ಎಂದು ಅಂದು ಮಧ್ಯಾಹ್ನ ಅಡುಗೆಮನೆಯಿಂದ ಕೂಗು ಬಂದಾಗ ನಾವಿಬ್ಬರೂ ಕೇಳಿಸದವರಂತಿದ್ದೆವು.

ನಮ್ಮೂರಿಗೆ ಇದೆಲ್ಲ ಹೊಸತೆಂದು ನೀವು ತಿಳಿಯಬೇಡಿ. ಯಕ್ಷಗಾನದ ಕಿರೀಟವನ್ನು ಹಗುರ ಮರದಲ್ಲಿ ಕೆತ್ತಿ, ಬಂಗಾರದ ಬಣ್ಣದ ಕಾಗದ, ಕನ್ನಡಿ ಚೂರು ಅಂಟಿಸುತ್ತಾರೆ. ಬಡಗುತಿಟ್ಟಿನ ಮುಂಡಾಸನ್ನು ಪ್ರತಿ ರಾತ್ರಿಯೂ ತಲೆಯ ಮೇಲೆಯೇ ಕಟ್ಟಬೇಕು. ರಾಕ್ಷಸ ವೇಷದ ಮುಖದ ಮೇಲೆ ಅಕ್ಕಿಹಿಟ್ಟು ಸುಣ್ಣದ ಚಿಟ್ಟಿಯನ್ನು ಒಂದೊಂದೇ ಚುಕ್ಕಿಯಾಗಿ ಇಡಲು ಗಂಟೆಗಟ್ಟಲೆ ಬೇಕು. ಹುಲಿವೇಷದವರು ಹಿಂದೆ ಮೈಗೆ ಬಳಿದ ಎಣ್ಣೆಬಣ್ಣವನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆಯುತ್ತಿದ್ದರು. ನಮ್ಮ ಗದ್ದೆಯವರ ಅಡಿಕೆ ಹಾಳೆಯ ಮುಟ್ಟಾಳೆಯನ್ನೇ ನೋಡಿ. ಚಪ್ಪಟೆ ಹಾಳೆ ತಲೆಗೆ ಕೂರುವಂತೆ ಮಡಚಿದ್ದು, ಭಾರವಿಲ್ಲ, ಬೆವರಿಲ್ಲ. ನಮ್ಮ ಹೆಲ್ಮೆಟ್‌ನೊಳಗೆ ತಲೆ ಅಲ್ಲಾಡದಂತೆ ನಾವು ಇಟ್ಟದ್ದೂ ಒಂದು ಹಳೆಯ ಮುಟ್ಟಾಳೆಯನ್ನೇ. ಕಾರ್ಕಳದ ಶಾಲೆಗೆ ಹೋಗುವ ದಾರಿಯಲ್ಲಿ ನನಗೆ ದಿನವೂ ಕಾಣುವ ಬೆಟ್ಟದ ಮೇಲಿನ ಗೊಮ್ಮಟ 1432ರದ್ದು, 42 ಅಡಿ, ಒಂದೇ ಕಲ್ಲು. ಅಲ್ಲಿ ತಪ್ಪಿದರೆ ಎರಡನೆಯ ಸಲವಿಲ್ಲ. ನಮ್ಮದು ಚಪ್ಪಲಿ ಅಟ್ಟೆ, ತಪ್ಪಿದರೆ ಎಂಬತ್ತು ರೂಪಾಯಿ.

"ಉಸ್ತಾದರ ಮನೆಯಲ್ಲಿ ಮುಖವಾಡವೇ?" ಎಂದು ಒಬ್ಬರು ಕೇಳಿದರು. ಕೇಳಿದ್ದು ತಪ್ಪಲ್ಲ. ಜೀವಿಗಳ ರೂಪ ಮಾಡುವ ವಿಷಯದಲ್ಲಿ ನಮ್ಮ ವಿದ್ವಾಂಸರು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಆದರೆ ನಾವು ಮಾಡಿದ್ದು ಮುಖವಲ್ಲ, ಕಣ್ಣುಮೂಗಿಲ್ಲದ ಶಿರಸ್ತ್ರಾಣ. ಮಕ್ಕಾ ವಿಜಯದ ದಿನ ಪ್ರವಾದಿ(ಸ)ರು ತಲೆಯಲ್ಲಿ 'ಮಿಗ್‌ಫರ್' ಧರಿಸಿ ಪ್ರವೇಶಿಸಿದರೆಂದು ಅನಸ್(ರ)ರ ವರದಿ ಬುಖಾರಿಯಲ್ಲಿದೆ. ಉಹುದ್‌ನಲ್ಲಿ ಪ್ರವಾದಿವರ್ಯರ ತಲೆಯ ಮೇಲೆಯೇ ಒಡೆದುಹೋದ ಶಿರಸ್ತ್ರಾಣಕ್ಕೆ ಹದೀಸಿನಲ್ಲಿ 'ಬೈಳ' ಎಂಬ ಪದವಿದೆ. ಬೈಳ ಎಂದರೆ ಮೊಟ್ಟೆ. ಮದ್ರಸದಲ್ಲಿ ಈ ಪದ ಓದಿದಾಗ ನನಗೆ ನಗು ಬಂದಿತ್ತು. ಫೋಮನ್ನು ಬಾಗಿಸುವಾಗ ಅರ್ಥವಾಯಿತು. ಕಮಾನಿನಂತೆ ಎಲ್ಲ ಕಡೆ ಬಾಗಿದ ಮೈ ಮೇಲಿನ ಪೆಟ್ಟನ್ನು ಸುತ್ತಲೂ ಹಂಚುತ್ತದೆ. ತೆಳು ಚಿಪ್ಪಿನ ಮೊಟ್ಟೆಯನ್ನು ಅಂಗೈಯಲ್ಲಿ ಒತ್ತಿ ಒಡೆಯುವುದು ಕಷ್ಟವಾಗುವುದು ಅದಕ್ಕೇ. 15ನೆಯ ಶತಮಾನದ ಇರಾನ್, ತುರ್ಕಿ ಸೀಮೆಯ ಉಕ್ಕಿನ ಶಿರಸ್ತ್ರಾಣಗಳು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್‌ನಲ್ಲಿವೆ. ಮುಂಡಾಸಿನ ಮಡಿಕೆಯಂತೆ ಉಬ್ಬುತಗ್ಗು, ಮೇಲೆ ಅರಬಿ ಅಕ್ಷರಗಳ ಕೆತ್ತನೆ. ಕೇಳಿದವರಿಗೆ ಇಷ್ಟು ಹೇಳಿದೆ. ಚಹಾ ಕುಡಿದು ಹೋದರು.

ಹೆಲ್ಮೆಟ್ ಬರೀ ವೇಷದ ಸಾಮಾನೋ, ಕಲಾಕೃತಿಯೋ ಎಂಬ ಪ್ರಶ್ನೆ ಇಂಗ್ಲೆಂಡಿನ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ ಎಂದರೆ ನಂಬುತ್ತೀರಾ? 'ಸ್ಟಾರ್ ವಾರ್ಸ್'ನ ಬಿಳಿ ಸೈನಿಕರ ಹೆಲ್ಮೆಟ್‌ಗಳನ್ನು ಬಿಸಿ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಮಾಡಿಕೊಟ್ಟವರು ಆಂಡ್ರ್ಯೂ ಐನ್ಸ್‌ವರ್ತ್ ಎಂಬ ಇಂಗ್ಲಿಷರು. ಹಲವು ವರ್ಷಗಳ ನಂತರ ಅವರು ಅದೇ ರೀತಿಯ ಹೆಲ್ಮೆಟ್‌ಗಳನ್ನು ಮಾಡಿ ಮಾರತೊಡಗಿದಾಗ ಚಿತ್ರದ ಕಂಪೆನಿ ದಾವೆ ಹೂಡಿತು. ಇದು ಶಿಲ್ಪ, ಆದ್ದರಿಂದ ನಮ್ಮ ಹಕ್ಕು ದೀರ್ಘಕಾಲ ಇರುತ್ತದೆ ಎಂದು ಕಂಪೆನಿಯ ವಾದ. ಇದು ಶಿಲ್ಪವಲ್ಲ, ಚಿತ್ರ ತಯಾರಿಕೆಯಲ್ಲಿ ಉಪಯೋಗಕ್ಕೆಂದು ಮಾಡಿದ ವಸ್ತು ಎಂದು 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದು ಆ ದೇಶದ ಕಾನೂನು. ನಿಮ್ಮ ಮಗ ತನ್ನ ತಲೆಗೆ ಒಂದು ಮಾಡಿಕೊಳ್ಳುವುದು ಬೇರೆ, ಕಂಪೆನಿಯೊಂದರ ವಿನ್ಯಾಸ ನಕಲು ಮಾಡಿ ಅಂಗಡಿ ಇಡುವುದು ಬೇರೆ ಎಂದು ಮಗನಿಗೂ ಹೇಳಿಟ್ಟಿದ್ದೇನೆ. ಅವನಿಗೆ ಅಂಗಡಿಯ ಯೋಚನೆ ಬಂದಿತ್ತು.

ಕಣ್ಣಿನ ಕಿಟಕಿಗೆ ಕಪ್ಪು ಗಾಜು ಬೇಕಿತ್ತು. ಬೀರುವಿನ ಮೇಲೆ ಹಳೆಯ ಎಕ್ಸ್‌ರೇಗಳ ದೊಡ್ಡ ಲಕೋಟೆಯಿತ್ತು. ನನ್ನ ತಂದೆಯವರ ಎದೆಯದು, ಅವರ ಕೊನೆಯ ವರ್ಷದ್ದು. ಎಸೆಯಲು ಮನಸ್ಸಿಲ್ಲದೆ ಇಟ್ಟದ್ದು. ಮಗ ಅದನ್ನು ಕೇಳಲು ಹೆದರಿ ತಾಯಿಯ ಮೂಲಕ ಕೇಳಿಸಿದ. ನಾನೇ ಕತ್ತರಿಸಿ ಕೊಟ್ಟೆ. ಎಕ್ಸ್‌ರೇ ಹಾಳೆ ಹೊರಗಿನವರಿಗೆ ಕಪ್ಪಾಗಿ ಕಾಣುತ್ತದೆ, ಒಳಗಿನವನಿಗೆ ಹಗಲಿನಲ್ಲಿ ಸಾಕಷ್ಟು ಕಾಣುತ್ತದೆ. ಗ್ರಹಣ ನೋಡಲು ಮಾತ್ರ ಅದನ್ನು ಎಂದೂ ಬಳಸಬೇಡಿ, ಕಣ್ಣು ಹೋಗುತ್ತದೆ. ಹಾಕಿ ನೋಡಿದೆ. ಬೆಳಕಿಗೆ ಮುಖ ಮಾಡಿದಾಗ ಎಡಗಣ್ಣಿನ ಬದಿಯಲ್ಲಿ ಒಂದು ಪಕ್ಕೆಲುಬಿನ ನೆರಳು ತೆಳ್ಳಗೆ ಕಂಡಿತು. ತೆಗೆದು ಕೊಟ್ಟುಬಿಟ್ಟೆ.

ಒಳಗೆ ಉಸಿರಿನ ಹಬೆ ಹಿಡಿಯುವುದು ಇನ್ನೊಂದು ಸಮಸ್ಯೆ. ಗಲ್ಲದ ಕೆಳಗೆ ಮತ್ತು ಕಿವಿಯ ಹಿಂದೆ ದೊಡ್ಡ ತೂತುಗಳನ್ನೇ ಬಿಟ್ಟೆವು. ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನು ಇಟ್ಟೆವು. ಆದರೂ ನಮ್ಮ ತಂಗಿಯ ಪುಟ್ಟ ಮಗ ಯಾರೂ ಇಲ್ಲದಾಗ ಅದನ್ನು ಹಾಕಿಕೊಂಡು, ಕೆಳಗೆ ಕಾಣದೆ, ಹೊಸ್ತಿಲು ಎಡವಿ ಬಿದ್ದ. ತುಟಿ ಒಡೆಯಿತು. ಅಂದಿನಿಂದ ಎರಡು ನಿಯಮ: ಹಾಕಿದವನ ಜೊತೆ ಇನ್ನೊಬ್ಬ ಕೈ ಹಿಡಿದು ಇರಬೇಕು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಾಕುವಂತಿಲ್ಲ. ಬೈಕಿಗಂತೂ ಅದು ಹೆಲ್ಮೆಟ್ಟೇ ಅಲ್ಲ ಎಂದು ದೊಡ್ಡದಾಗಿ ಒಳಗೆ ಬರೆದಿಟ್ಟಿದ್ದೇನೆ.

ನಾಟಕ ಮುಗಿಯಿತು, ಚಪ್ಪಾಳೆ ಬಿತ್ತು. ನಾನು ಹೇಳಬೇಕೆಂದಿದ್ದು ಅದರ ನಂತರದ್ದು. ಮಗನ ತರಗತಿಯ ಹುಡುಗಿಯೊಬ್ಬಳ ತಮ್ಮ ಮಣಿಪಾಲದ ಆಸ್ಪತ್ರೆಯಲ್ಲಿದ್ದ. ಕಟಪಾಡಿಯವರು ಮಾಡುವಂತೆ ನಾವೂ ಹೆಲ್ಮೆಟ್ ಹಾಕಿ ಕಾಲೇಜಿನ ಗೇಟಿನಲ್ಲಿ ಡಬ್ಬಿ ಹಿಡಿದು ನಿಲ್ಲಬಹುದೇ ಎಂದು ಹುಡುಗರು ಕೇಳಲು ಬಂದರು. ನನಗೆ ಮೊದಲು ಸರಿಬರಲಿಲ್ಲ. ಕೈ ಚಾಚುವುದನ್ನು ನಮಗೆ ಚಿಕ್ಕಂದಿನಿಂದ ಬೇಡವೆಂದು ಕಲಿಸಿದ್ದಾರೆ. ರಾತ್ರಿಯಿಡೀ ಯೋಚಿಸಿದೆ. ತನಗಾಗಿ ಚಾಚುವುದಕ್ಕೂ ಇನ್ನೊಬ್ಬರ ಮಗುವಿಗಾಗಿ ಚಾಚುವುದಕ್ಕೂ ವ್ಯತ್ಯಾಸವಿದೆ. ಬೆಳಿಗ್ಗೆ ಒಪ್ಪಿದೆ, ಮೂರು ಷರತ್ತು ಹಾಕಿ. ಪ್ರಾಂಶುಪಾಲರ ಅನುಮತಿ. ಆ ಮನೆಯವರ ಒಪ್ಪಿಗೆ, ಮತ್ತು ಹುಡುಗಿಯ ಹೆಸರು ಡಬ್ಬಿಯ ಮೇಲೆ ಇರಬಾರದು. ಪ್ರತಿ ದಿನದ ಲೆಕ್ಕ ಇಬ್ಬರು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು. ರವಿಯವರ ಕೆಲಸವನ್ನು ಜನ ನಂಬಲು ವೇಷ ಒಂದೇ ಕಾರಣವಲ್ಲ. ಅವರು ಹಣವನ್ನು ಎಲ್ಲರೆದುರು ಸಭೆ ಕರೆದು ಹಸ್ತಾಂತರಿಸುತ್ತಾರೆ. ಅಮೆರಿಕದಲ್ಲಿ 1997ರಲ್ಲಿ ಆರಂಭವಾದ '501ನೇ ಲೀಜನ್' ಎಂಬ ಗುಂಪಿನವರು ಇದೇ ಬಿಳಿ ಸೈನಿಕರ ವೇಷವನ್ನು ತಾವೇ ಮಾಡಿ ಹಾಕಿಕೊಂಡು ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತಾರೆ. ಸ್ವಂತಕ್ಕೆ ಹಣ ಪಡೆಯುವುದಿಲ್ಲ.

ಮೂರು ದಿನ ನಿಂತರು. ಗೇಟಿನ ಹೊರಗೆ ಕಡಲೆ ಮಾರುವ ಅಜ್ಜ ಮೊದಲ ಹತ್ತು ರೂಪಾಯಿ ಹಾಕಿದರು. ಮೊತ್ತ ದೊಡ್ಡದೇನಲ್ಲ, ಆಸ್ಪತ್ರೆಯ ಬಿಲ್ಲಿನ ಎದುರು ಏನೂ ಅಲ್ಲ, ಆದರೆ ತಿಂಗಳ ಔಷಧಿಗೆ ಆಯಿತು. ಕೊನೆಯ ದಿನ ನಮ್ಮ ಜಗಲಿಯಲ್ಲಿ ಕೂತು ಎಣಿಸುವಾಗ ಲೆಕ್ಕಕ್ಕಿಂತ ಇಪ್ಪತ್ತು ರೂಪಾಯಿ ಹೆಚ್ಚಿತ್ತು. "ಹೆಚ್ಚಿದೆಯಲ್ಲ ಉಪ್ಪಾ, ಕಡಿಮೆಯಲ್ಲವಲ್ಲ" ಎಂದು ಮಗ. ನಾನು ಒಪ್ಪಲಿಲ್ಲ. ಒಂದು ಗಂಟೆ ಹುಡುಕಿದ ಮೇಲೆ ಎರಡನೆಯ ದಿನದ ಕೂಡಿಸುವ ತಪ್ಪು ಸಿಕ್ಕಿತು. ತಪ್ಪು ಮಾಡಿದ್ದವನು ಅವನೇ. ಕೆಂಪು ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದ.

ಹೆಲ್ಮೆಟ್ ಈಗ ಬೀರುವಿನ ಮೇಲೆ, ಎಕ್ಸ್‌ರೇ ಲಕೋಟೆಯ ಪಕ್ಕದಲ್ಲಿದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಪತ್ನಿ ಅದರೊಳಗೆ ಹಳೆಯ ಪತ್ರಿಕೆ ತುಂಬಿ, ನಾಲ್ಕು ಲವಂಗ ಹಾಕಿದ್ದಾಳೆ. ಕಿವಿಯ ಹತ್ತಿರ ಒಂದು ಜೋಡಣೆ ಬಿಟ್ಟಿದೆ. ಬಿಸಿಲು ಬಂದ ಮೇಲೆ ಅಂಟಿಸಬೇಕು.